ದೊಡ್ಡಪ್ಪನ ಸಿಂಧೂರದ ಡಬ್ಬಿ

ಬ್ಲಾಗಿನ ಕಡೆ ತಲೆ ಹಾಕದೆ ಸುಮಾರು ತಿಂಗಳುಗಳೇ ಆದವು. "ಏನ್ರೀ, ಬ್ಲಾಗಿಗೆ ತುಕ್ಕು ಹಿಡೀತಾ?" ಅಂತ ಗೆಳೆಯರೊಬ್ಬರು ಮೇಲ್ ಹಾಕಿದ್ದರು. ತಮಾಷೆ ಅಂದ್ರೆ, ಆ ಮೇಲ್ ಬಂದಾಗ ನಾನು ನಿಜವಾಗಿಯೂ ತುಕ್ಕಿನ ಬಗ್ಗೆಯೇ ಓದುತ್ತಾ ಕೂತಿದ್ದೆ :)

ಶುರುವಾದದ್ದು ಹೀಗೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮದು ಉತ್ತರ ಕನ್ನಡದ ಕರಾವಳಿ. ಸಮುದ್ರ ಮನೆಯಿಂದ ಕೂಗಳತೆ ದೂರ. ಹಳೆಯ ಬಲೆ, ಒಡೆದ ಲಾಟೀನು, ತೀರಿಹೋದ ದೊಡ್ಡಪ್ಪನ ಒಂದು ಚೀಲ. ಚೀಲದಲ್ಲಿ ಗಟ್ಟಿಯಾಗಿ ಹೋದ ಎರಡು ಬ್ರಷ್ಷು, ಕೂದಲು ಉದುರಿದ ವೈರ್ ಬ್ರಷ್ಷು, ಮತ್ತೆ ಒಂದು ತಗಡಿನ ಡಬ್ಬಿ. ಡಬ್ಬಿ ಅಂಗೈ ಅಗಲದ್ದು, ಆದರೆ ಎತ್ತಿದರೆ ಕಲ್ಲಿನ ಹಾಗೆ ಭಾರ. ಮುಚ್ಚಳ ತೆಗೆದರೆ ಒಳಗೆ ಕಿತ್ತಳೆಗೆಂಪು ಪುಡಿ.

"ಅದು ಸಿಂಧೂರ ತಮ್ಮಾ, ನಿನ್ನ ದೊಡ್ಡಪ್ಪಂದು" ಅಂದಳು ಅಮ್ಮ. "ಹನುಮಂತನ ಗುಡಿಗೆ ಕೊಟ್ಟು ಬಾ, ಅವ್ರ ಹೆಸರಲ್ಲಿ."

ದೊಡ್ಡಪ್ಪ ಪೇಂಟರ್. ಮನೆಗೆ ಸುಣ್ಣ ಬಣ್ಣ ಮಾಡುವ ಪೇಂಟರ್ ಅಲ್ಲ, ಕಬ್ಬಿಣದ ಪೇಂಟರ್. ಬಂದರಿನಲ್ಲಿ ಬೋಟುಗಳ ಕಬ್ಬಿಣದ ಕೆಲಸ, ಕ್ರೇನು, ಗೇಟು, ನೀರಿನ ಟಾಂಕಿ, ಹೀಗೆ ಉಪ್ಪುಗಾಳಿ ತಿನ್ನುವ ಎಲ್ಲದಕ್ಕೂ ಬಣ್ಣ ಬಳಿಯುತ್ತಿದ್ದರು. ಸಿಂಧೂರವನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮೊದಲ ಕೋಟ್ ಹೊಡೆಯುತ್ತಿದ್ದರು. ಕಲಸುವುದು ಬರಿಗೈಯಲ್ಲಿ. ಆ ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿದಿರುತ್ತಿತ್ತು, ಅದೇ ಕೈಯಲ್ಲಿ ಊಟ. ಹನುಮಂತನ ಮೂರ್ತಿಗೆ ಬಳಿಯುವ ಸಿಂಧೂರವೇ ಕ್ರೇನಿಗೂ ಬಳಿಯುತ್ತಾರಲ್ಲ ಅಂತ ಚಿಕ್ಕಂದಿನಲ್ಲಿ ನಮಗೆಲ್ಲ ಆಶ್ಚರ್ಯ. ಕೇಳಿದರೆ "ಅವ್ನು ಕಾಯ್ತಾ, ಇದೂ ಕಾಯ್ತದೆ" ಅಂತ ನಗುತ್ತಿದ್ದರು.

ಅಂಗಡಿಯಲ್ಲಿ ಸಿಂಧೂರ ಅಂತ ಸಿಗುವುದೆಲ್ಲ ಒಂದೇ ಅಲ್ಲ. ಕೆಲವು ಪಾದರಸದ್ದು, ಕೆಲವು ಬರೀ ಬಣ್ಣದ ಪುಡಿ. ದೊಡ್ಡಪ್ಪನದು ಸೀಸದ ಸಿಂಧೂರ, ಅಂದರೆ ರೆಡ್ ಲೆಡ್. ಸೀಸದ ಆಕ್ಸೈಡನ್ನು ಗಾಳಿಯಲ್ಲಿ ಹದವಾಗಿ ಕಾಯಿಸಿದರೆ ಸಿಗುವ ಪುಡಿ. ಯುರೋಪಿನಲ್ಲಿ ಇದಕ್ಕೆ ಹಳೆಯ ಹೆಸರು ಮಿನಿಯಮ್. ಹಸ್ತಪ್ರತಿಗಳಲ್ಲಿ ಕೆಂಪು ಅಕ್ಷರ, ಚಿತ್ರ ಬರೆಯಲು ಇದನ್ನು ಬಳಸುತ್ತಿದ್ದರು. 'ಮಿನಿಯೇಚರ್' ಎಂಬ ಶಬ್ದ ಹುಟ್ಟಿದ್ದೇ ಇದರಿಂದ!

ಈ ಪುಡಿಯನ್ನೇ ಕಬ್ಬಿಣಕ್ಕೆ ಯಾಕೆ ಬಳಿದರು? ಅದಕ್ಕೆ ಮೊದಲು ತುಕ್ಕು ಅಂದರೇನು ಅಂತ ನೋಡಬೇಕು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತಲ್ಲ, ಅದಕ್ಕೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರೇ ಹೇಳುವ ಹಾಗೆ ಕೆಂಪು ಮಣ್ಣು, ಅಂದರೆ ಆಮ್ಲಜನಕದ ಜೊತೆ ಸೇರಿಕೊಂಡ ಕಬ್ಬಿಣ. ಕುಲುಮೆಯಲ್ಲಿ ಭಾರೀ ಶಾಖ ಕೊಟ್ಟು ಆ ಜೋಡಿಯನ್ನು ಬಿಡಿಸುತ್ತೇವೆ. ಆದರೆ ಕಬ್ಬಿಣಕ್ಕೆ ಈ ಬೇರ್ಪಡೆ ಇಷ್ಟವಿಲ್ಲ. ನೀರು ಮತ್ತು ಗಾಳಿ ಸಿಕ್ಕ ಕೂಡಲೇ ಅದು ಮತ್ತೆ ಕೆಮ್ಮಣ್ಣಾಗಲು ಹೊರಡುತ್ತದೆ. ಅದೇ ತುಕ್ಕು. ಇದು ಒಂದು ಪುಟ್ಟ ಬ್ಯಾಟರಿಯ ಹಾಗೆ ನಡೆಯುವ ಕ್ರಿಯೆ. ಉಕ್ಕಿನ ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಪಕ್ಕದ ಇನ್ನೊಂದು ಜಾಗದಲ್ಲಿ ಆಮ್ಲಜನಕ ಖರ್ಚಾಗುತ್ತದೆ, ನಡುವೆ ವಿದ್ಯುತ್ತು ಹರಿಯುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಹರಿವು ಸಲೀಸು. ನಮ್ಮ ಕರಾವಳಿಯ ಕಿಟಕಿ ಸರಳುಗಳು ಘಟ್ಟದ ಮೇಲಿನವಕ್ಕಿಂತ ಬೇಗ ಹಾಳಾಗುವುದು ಇದಕ್ಕೇ.

ಬಣ್ಣ ಬಳಿದರೆ ನೀರು, ಗಾಳಿ ಒಳಗೆ ಹೋಗುವುದಿಲ್ಲ, ಹಾಗಾಗಿ ತುಕ್ಕಿಲ್ಲ ಅಂತಲೇ ನಾನೂ ತಿಳಿದಿದ್ದೆ. ಇದು ಸುಳ್ಳು ಅಂತ 1950ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಜೆ.ಇ.ಓ. ಮೇನ್ ಎಂಬ ವಿಜ್ಞಾನಿ ತೋರಿಸಿದರು. ಸಾಮಾನ್ಯ ಬಣ್ಣದ ಪದರದ ಮೂಲಕ ಹಾದುಹೋಗುವ ನೀರು ಮತ್ತು ಆಮ್ಲಜನಕ, ಬರೀ ಉಕ್ಕು ತುಕ್ಕು ಹಿಡಿಯಲು ಎಷ್ಟು ಬೇಕೋ ಅಷ್ಟು ಇದ್ದೇ ಇರುತ್ತದಂತೆ! ಬಣ್ಣ ನಿಜವಾಗಿ ತಡೆಯುವುದು ಉಪ್ಪಿನ ಅಯಾನುಗಳನ್ನು, ಅಂದರೆ ಆ ಪುಟ್ಟ ಬ್ಯಾಟರಿಯ ವಿದ್ಯುತ್ ಹರಿವನ್ನು. ಸಿಂಧೂರದ ಗುಟ್ಟು ಇನ್ನೂ ಬೇರೆ. ಅದು ಅಗಸೆ ಎಣ್ಣೆಯ ಜೊತೆ ಸೇರಿ ಸೀಸದ ಸೋಪಿನಂಥ ಲವಣಗಳನ್ನು ಮಾಡುತ್ತದೆ. ಕಾಲ ಕಳೆದಂತೆ ಅವು ಒಡೆದು ಹುಟ್ಟುವ ಪದಾರ್ಥಗಳು ಉಕ್ಕಿನ ಮೈಮೇಲೆ ತುಕ್ಕಿನ ಕ್ರಿಯೆಯನ್ನೇ ತಡೆದು ನಿಲ್ಲಿಸುತ್ತವೆ. ಅಷ್ಟೇ ಅಲ್ಲ, ಉಕ್ಕು ಪೂರ್ತಿ ಸ್ವಚ್ಛವಿರದೆ ಅಲ್ಲಲ್ಲಿ ಸ್ವಲ್ಪ ತುಕ್ಕು ಉಳಿದಿದ್ದರೂ ಸಿಂಧೂರ ಸುಧಾರಿಸಿಕೊಂಡು ಹೋಗುತ್ತದೆ. ಹೆರೆಯುವ ತಗಡು, ವೈರ್ ಬ್ರಷ್ಷು ಬಿಟ್ಟರೆ ಬೇರೇನಿಲ್ಲದ ಕಾಲದಲ್ಲಿ ಇದು ದೊಡ್ಡ ವರ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿಣ, ಉಕ್ಕಿನ ದೈತ್ಯ ಕಟ್ಟಡಗಳು ಏಳತೊಡಗಿದಾಗ ಎಲ್ಲದರ ಒಳಪದರ ಹೆಚ್ಚುಕಡಿಮೆ ಇದೇ ಸಿಂಧೂರ. ಸ್ಕಾಟ್‌ಲೆಂಡಿನ ಫೋರ್ತ್ ರೈಲು ಸೇತುವೆಯನ್ನೇ ತೆಗೆದುಕೊಳ್ಳಿ. ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ವಿನ್ಯಾಸ, ವಿಲಿಯಂ ಆರೋಲ್ ಗುತ್ತಿಗೆ. 1882ರಲ್ಲಿ ಕೆಲಸ ಶುರುವಾಗಿ 1890ರ ಮಾರ್ಚ್ 4ರಂದು ಉದ್ಘಾಟನೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಐವತ್ತು ಸಾವಿರ ಟನ್ನಿಗೂ ಮೀರಿದ ಉಕ್ಕು, ಸುಮಾರು 65 ಲಕ್ಷ ರಿವೆಟ್ಟುಗಳು, ಕೆಳಗೆ ಸಮುದ್ರದ ಅಳಿವೆ. ಉಕ್ಕಿಗೆ ಮೊದಲು ಕುದಿಸಿದ ಅಗಸೆ ಎಣ್ಣೆ, ಆಮೇಲೆ ಸಿಂಧೂರ, ಎಲ್ಲಕ್ಕಿಂತ ಮೇಲೆ ಕಬ್ಬಿಣದ ಆಕ್ಸೈಡಿನ ಕೆಂಪು. ಅಂದರೆ ಕಬ್ಬಿಣ ಕೆಮ್ಮಣ್ಣಾಗದಿರಲಿ ಅಂತ ಅದಕ್ಕೆ ಕೆಮ್ಮಣ್ಣನ್ನೇ ಬಳಿದರು!

ಆ ಸೇತುವೆಗೆ ಬಣ್ಣ ಬಳಿಯುವ ಕಾಯಂ ತಂಡ ಇತ್ತು. ಒಂದು ತುದಿಯಿಂದ ಬಳಿಯುತ್ತಾ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲ ತುದಿ ಹಾಳಾಗಿರುತ್ತದೆ, ಆದ್ದರಿಂದ ಕೆಲಸ ಮುಗಿಯುವುದೇ ಇಲ್ಲ ಅಂತ ಬ್ರಿಟನ್ನಿನಲ್ಲೆಲ್ಲ ಮಾತು. ಮುಗಿಯದ ಕೆಲಸಕ್ಕೆ ಅದೇ ಗಾದೆಯಾಯಿತು. ನಿಜದಲ್ಲಿ ಹಾಗೆ ತುದಿಯಿಂದ ತುದಿಗೆ ಬಳಿಯುತ್ತಿರಲಿಲ್ಲ. ಗಾಳಿ, ಮಳೆ ಹೆಚ್ಚು ಹೊಡೆಯುವ ಭಾಗಗಳಿಗೆ ಮತ್ತೆ ಮತ್ತೆ, ಉಳಿದವಕ್ಕೆ ಅಪರೂಪಕ್ಕೆ. ನಮ್ಮಲ್ಲೂ ಪಡುವಣ ದಿಕ್ಕಿನ ಕಿಟಕಿಗೆ ಮೊದಲು ಬಣ್ಣ ಹೊಡೆಯುತ್ತಾರಲ್ಲ, ಹಾಗೆಯೇ.

ಪ್ಯಾರಿಸ್ಸಿನ ಐಫೆಲ್ ಗೋಪುರ 1889ರದ್ದು. ಅದರ ಮೊದಲ ಬಣ್ಣವೂ ಸೀಸದ ಕೆಂಪೇ. ಸರಾಸರಿ ಏಳು ವರ್ಷಕ್ಕೊಮ್ಮೆ ಅದಕ್ಕೆ ಮತ್ತೆ ಬಣ್ಣ, ಪ್ರತಿಸಲ ಸುಮಾರು 60 ಟನ್, ಅದೂ ಕೈಯಲ್ಲಿ ಬ್ರಷ್ಷು ಹಿಡಿದು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ (1937) ಕಥೆ ಇನ್ನೂ ಚೆನ್ನಾಗಿದೆ. ಉಕ್ಕು ಸಿಂಧೂರದ ಪ್ರೈಮರ್ ಬಳಿದುಕೊಂಡು ಬಂದು ನಿಂತಾಗ ವಾಸ್ತುಶಿಲ್ಪಿ ಇರ್ವಿಂಗ್ ಮಾರೋಗೆ ಆ ಬಣ್ಣ ಹಿಡಿಸಿಬಿಟ್ಟಿತು. ಅದರಿಂದಲೇ ಇಂದು ಎಲ್ಲರ ವಾಲ್‌ಪೇಪರಿನಲ್ಲಿರುವ ಆ ಕಿತ್ತಳೆಗೆಂಪು ಬಂತು. ದೊಡ್ಡಪ್ಪನ ಡಬ್ಬಿಯ ಬಣ್ಣಕ್ಕೂ ಅದಕ್ಕೂ ನೆಂಟಸ್ತಿಕೆ ಇದೆ ಅಂದ ಹಾಗಾಯ್ತು.

ಇಷ್ಟರವರೆಗೆ ಓದುವಾಗ ನನಗೆ ಖುಷಿಯೇ ಆಗುತ್ತಿತ್ತು. ಆಮೇಲೆ ಒಂದು ಕಡೆ ನಿಂತುಬಿಟ್ಟೆ.

1840ರಲ್ಲಿ ಲಂಡನ್ನಿನ ಹೆನ್ರಿ ಬರ್ಟನ್ ಎಂಬ ವೈದ್ಯರು ಒಂದು ವಿಷಯ ಬರೆದರು. ಸೀಸ ಮೈಸೇರಿದವರ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ ತೆಳ್ಳಗೆ ಒಂದು ನೀಲಿ ಗೆರೆ ಕಾಣುತ್ತದೆ ಅಂತ. ಇಂದಿಗೂ ಅದಕ್ಕೆ ಬರ್ಟನ್ ಗೆರೆ ಅಂತಲೇ ಹೆಸರು. ಜೊತೆಗೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ರಕ್ತಹೀನತೆ, ಮಣಿಕಟ್ಟು ಸೋತು ಜೋಲುವುದು.

ದೊಡ್ಡಪ್ಪನ ಒಸಡಿನಲ್ಲಿ ಆ ಗೆರೆ ಇತ್ತು. ನಾವು ಮಕ್ಕಳೆಲ್ಲ ಅದು ಕವಳದ ಕಲೆ ಅಂದುಕೊಂಡಿದ್ದೆವು. ಹೊಟ್ಟೆನೋವಂತೂ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ನೋವು ಬಂದ ದಿನ ಗೋಡೆಗೆ ಮುಖ ಮಾಡಿ ಮುದುಡಿ ಮಲಗಿರುತ್ತಿದ್ದರು, ದೊಡ್ಡಮ್ಮ ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದಳು. ಕೊನೆಗಾಲದಲ್ಲಿ ಲೋಟ ಹಿಡಿಯಲು ಬಲಗೈ ಏಳುತ್ತಿರಲಿಲ್ಲ. "ವಯಸ್ಸಾಯ್ತಲ್ಲ" ಅಂದರು ಎಲ್ಲರೂ. ನಾನು ಡಾಕ್ಟರಲ್ಲ, ಅವರಿಗೆ ಯಾರೂ ರಕ್ತ ಪರೀಕ್ಷೆ ಮಾಡಿಸಲೂ ಇಲ್ಲ. ಆದರೆ ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೀಸ ವಿಷ ಅಂತ ಜಗತ್ತಿಗೆ ಗೊತ್ತಿರಲಿಲ್ಲ ಅಂತೇನಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಸೀಸದ ಬಿಳಿ ಬಣ್ಣದ ಬಗ್ಗೆ ಒಂದು ಒಪ್ಪಂದ ಮಾಡಿತ್ತು. ಕಟ್ಟಡಗಳ ಒಳಗೆ ಅದನ್ನು ಬಳಿಯುವುದಕ್ಕೆ ನಿರ್ಬಂಧ, ಹೆಂಗಸರು ಮತ್ತು ಹದಿನೆಂಟು ತುಂಬದವರಿಂದ ಆ ಕೆಲಸ ಮಾಡಿಸಬಾರದು ಅಂತ ನಿಯಮ. ಆದರೆ ಸೇತುವೆ, ಹಡಗುಗಳ ಕೆಂಪು ಸಿಂಧೂರ ದಶಕಗಟ್ಟಲೆ ಹಾಗೇ ಮುಂದುವರಿಯಿತು. ಕಬ್ಬಿಣಕ್ಕೆ ಅದರಷ್ಟು ಒಳ್ಳೆಯದು, ಅದರಷ್ಟು ಸಲೀಸಾದದ್ದು ಬೇರೆ ಇರಲಿಲ್ಲವಲ್ಲ.

ಬೇರೆ ದಾರಿಗಳೇ ಇರಲಿಲ್ಲವಾ? ಇದ್ದವು. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಕಾಪಾಡಲು ಒಂದು ಉಪಾಯ ಮಾಡಿದ. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಅಂಟಿಸಿದರೆ ಸಮುದ್ರದ ನೀರು ಆ ತುಂಡನ್ನು ತಿನ್ನುತ್ತದೆ, ತಾಮ್ರವನ್ನು ಬಿಡುತ್ತದೆ. ಪ್ರಯೋಗ ಎಷ್ಟು ಚೆನ್ನಾಗಿ ಗೆದ್ದಿತೆಂದರೆ ತಾಮ್ರ ಕರಗುವುದೇ ನಿಂತುಹೋಯಿತು. ಕರಗುವ ತಾಮ್ರದ ವಿಷವಿಲ್ಲದೆ ಹಡಗಿನ ತಳದಲ್ಲಿ ಪಾಚಿ, ಚಿಪ್ಪುಜೀವಿಗಳು ಬೆಳೆದು ಹಡಗುಗಳೇ ನಿಧಾನವಾದವು! ಪಾಪ ಡೇವಿ. ಆದರೆ ಒಂದು ಲೋಹ ತಾನು ಸತ್ತು ಇನ್ನೊಂದನ್ನು ಉಳಿಸುತ್ತದೆ ಎಂಬ ತತ್ವ ಉಳಿಯಿತು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಜಿ.ಐ. ಪೈಪು, ಜಿ.ಐ. ಶೀಟು ಎಲ್ಲ ಅದರ ಮಕ್ಕಳು. ಆದರೆ ಇಡೀ ಸೇತುವೆಯನ್ನು ಎತ್ತಿ ಸತುವಿನ ಕೊಪ್ಪರಿಗೆಯಲ್ಲಿ ಅದ್ದಲಾದೀತೇ? ಸತುವನ್ನೇ ಬಣ್ಣವಾಗಿ ಬಳಿಯುವ ದಾರಿ ಗಟ್ಟಿಯಾದದ್ದು 1940ರ ದಶಕದಲ್ಲಿ. ಆಸ್ಟ್ರೇಲಿಯಾದ ವಿಕ್ಟರ್ ನೈಟಿಂಗಾಲ್ ಸಿದ್ಧಪಡಿಸಿದ ಸತು-ಸಿಲಿಕೇಟ್ ಲೇಪನವನ್ನು ಮಾರ್ಗನ್‌ನಿಂದ ವಯಾಲಾವರೆಗಿನ ನೂರಾರು ಕಿಲೋಮೀಟರಿನ ನೀರಿನ ಪೈಪಿಗೆ ಬಳಿದರು.

ಇಲ್ಲಿಗೆ ಬಂದಾಗ ಯಾರಾದರೂ "ಕೊಡಚಾದ್ರಿಯ ಕಬ್ಬಿಣದ ಕಂಬಕ್ಕೆ ಯಾರ್ರೀ ಬಣ್ಣ ಹೊಡೆದದ್ದು?" ಅಂತ ಕೇಳೇ ಕೇಳುತ್ತೀರಿ, ಗೊತ್ತು :) ಅಷ್ಟು ಮಳೆ ಹೊಯ್ಯುವ ಬೆಟ್ಟದ ಮೇಲೆ, ಮೂಲ ಮೂಕಾಂಬಿಕೆ ಗುಡಿಯ ಎದುರು ಅದು ಬಯಲಲ್ಲೇ ನಿಂತಿದೆ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ಅದರ ಬಗ್ಗೆ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ದೆಹಲಿಯ ಕಂಬದ ವಿಷಯದಲ್ಲಿ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನ ಹೇಳುವುದು ಇಷ್ಟು: ಹಳೆಯ ಕುಲುಮೆಯ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದ ಮೈಮೇಲೆ ತೆಳ್ಳನೆಯ ಗಟ್ಟಿ ಪದರ ಕೂತು ಮುಂದಿನ ತುಕ್ಕನ್ನು ತಡೆಯುತ್ತದೆ. ಹಾಗಾದರೆ ಸೇತುವೆಗೂ ಅದನ್ನೇ ಬಳಸಬಹುದಲ್ಲ ಅಂದರೆ ಆಗದು. ರಂಜಕ ಹೆಚ್ಚಿದ್ದರೆ ಉಕ್ಕು ಪೆಡಸಾಗುತ್ತದೆ. ಸುಮ್ಮನೆ ನಿಲ್ಲುವ ಕಂಬಕ್ಕೆ ಸರಿ, ದಿನವೂ ರೈಲು ಹೊರುವ ಸೇತುವೆಗೆ ಅದು ಅಪಾಯ.

ಮತ್ತೆ ಸಿಂಧೂರಕ್ಕೆ ಬರೋಣ. ಅದನ್ನು ಬಿಡುವುದು ಅಂದರೆ ಡಬ್ಬಿ ಬದಲಾಯಿಸುವುದು ಮಾತ್ರ ಅಲ್ಲ. ಸಿಂಧೂರ ಸ್ವಲ್ಪ ತುಕ್ಕನ್ನು ಸಹಿಸುತ್ತಿತ್ತು ಅಂದೆನಲ್ಲ, ಹೊಸ ಸತುವಿನ ಬಣ್ಣ, ಎಪಾಕ್ಸಿಗಳು ಸಹಿಸುವುದಿಲ್ಲ. ಅವಕ್ಕೆ ಬೆಳ್ಳಗೆ ಹೊಳೆಯುವ ಉಕ್ಕು ಬೇಕು. ಹಳೆಯ ಬಣ್ಣವನ್ನೆಲ್ಲ ಬ್ಲಾಸ್ಟಿಂಗ್ ಮಾಡಿ ಕಿತ್ತು ತೆಗೆಯಬೇಕು, ಹಾಗೆ ಕಿತ್ತರೆ ನೂರು ವರ್ಷದ ಸೀಸ ಧೂಳಾಗಿ ಏಳುತ್ತದೆ. ಬ್ಲಾಸ್ಟಿಂಗಿಗೆ ಮರಳು ಬಳಸಿದರೆ ಉಸಿರಾಡುವವನಿಗೆ ಸಿಲಿಕೋಸಿಸ್. ಗೋಲ್ಡನ್ ಗೇಟಿನಲ್ಲಿ ಹಳೆಯ ಸೀಸದ ಬಣ್ಣ ತೆಗೆದು ಸತು-ಸಿಲಿಕೇಟ್ ಬಳಿಯುವ ಕೆಲಸ 1965ರಲ್ಲಿ ಶುರುವಾಗಿ 1995ಕ್ಕೆ ಮುಗಿಯಿತು. ಮೂವತ್ತು ವರ್ಷ! ಐಫೆಲ್ ಗೋಪುರದಲ್ಲಿ ಹಳೆಯ ಪದರ ಕೀಳುವಾಗ ಸೀಸದ ಪ್ರಮಾಣ ಹೆಚ್ಚು ಕಂಡು 2021ರ ಫೆಬ್ರವರಿಯಲ್ಲಿ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಫೋರ್ತ್ ಸೇತುವೆಯ ಸರದಿ ಬಂದದ್ದು 2002ರಲ್ಲಿ. ಸೇತುವೆಗೆ ಭಾಗ ಭಾಗವಾಗಿ ಅಟ್ಟಣಿಗೆ ಕಟ್ಟಿ, ಧೂಳು ಹೊರಗೆ ಹೋಗದಂತೆ ಹೊದಿಕೆ ಮುಚ್ಚಿ, ಒಳಗೆ ಬರೀ ಉಕ್ಕು ಕಾಣುವವರೆಗೆ ಬ್ಲಾಸ್ಟ್ ಮಾಡಿದರು. ನಂತರ ಮೂರು ಪದರ: ಸತುವಿನ ಅಂಶದ ಪ್ರೈಮರ್, ಗಾಜಿನ ಚಕ್ಕೆ ಬೆರೆಸಿದ ಎಪಾಕ್ಸಿ, ಮೇಲೆ ಹಳೆಯ ಕೆಂಪಿನದೇ ಪಾಲಿಯುರಿಥೇನ್. ಮಧ್ಯದ ಪದರದ ಗಾಜಿನ ಚಕ್ಕೆಗಳು ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಅಡ್ಡ ಮಲಗುತ್ತವೆ. ನೀರು, ಉಪ್ಪು ನೇರ ಇಳಿಯಲಾಗದೆ ಸುತ್ತಿ ಸುತ್ತಿ ಹೋಗಬೇಕು. ಉತ್ತರ ಸಮುದ್ರದ ತೈಲಬಾವಿಗಳ ವೇದಿಕೆಗಳಲ್ಲಿ ಪರೀಕ್ಷೆಯಾಗಿದ್ದ ಬಣ್ಣ ಅದು. ಸುಮಾರು 2.3 ಲಕ್ಷ ಚದರ ಮೀಟರ್, 2.4 ಲಕ್ಷ ಲೀಟರ್ ಬಣ್ಣ, ಸುಮಾರು 13 ಕೋಟಿ ಪೌಂಡ್ ಖರ್ಚು. 2011ರ ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಇನ್ನು ಕನಿಷ್ಠ 25 ವರ್ಷ ಬಳಿಯಬೇಕಿಲ್ಲ ಅಂದರು. ಎಂದೂ ಮುಗಿಯದು ಅಂದಿದ್ದ ಕೆಲಸ ಮುಗಿದಿತ್ತು, ಗಾದೆ ಅನಾಥವಾಯಿತು.

ನಮ್ಮಲ್ಲಿ ಇದಕ್ಕೆ ಸರಿಸಾಟಿ ಅಂದರೆ ರಾಮೇಶ್ವರದ ಪಂಬನ್ ಸೇತುವೆ. 1914ರ ಫೆಬ್ರವರಿಯಲ್ಲಿ ಶುರುವಾದದ್ದು, ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ, ಹಡಗು ಬಂದರೆ ನಡುವೆ ಎರಡು ರೆಕ್ಕೆ ಎತ್ತುವ ಶೆರ್ಜರ್ ಸ್ಪ್ಯಾನ್. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಮುರಿದಾಗ ಇ. ಶ್ರೀಧರನ್ 46 ದಿನಗಳಲ್ಲಿ ಎತ್ತಿ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಅದನ್ನು ನೂರು ವರ್ಷ ಉಳಿಸಿದ್ದು ದಿನನಿತ್ಯ ಉಜ್ಜಿ ಬಣ್ಣ ಬಳಿದ ಕೈಗಳು. ಅಲ್ಲಿನ ಉಪ್ಪುಗಾಳಿ ಎಷ್ಟು ಖಾರ ಅಂದರೆ ಕಾರೈಕುಡಿಯ ಕೇಂದ್ರೀಯ ವಿದ್ಯುತ್-ರಾಸಾಯನಿಕ ಸಂಶೋಧನಾ ಸಂಸ್ಥೆ (1953) ಲೋಹ, ಲೇಪನಗಳನ್ನು ಗಾಳಿಗೊಡ್ಡಿ ಪರೀಕ್ಷಿಸುವುದಕ್ಕೆ ಪಕ್ಕದ ಮಂಡಪಂನಲ್ಲೇ ಕೇಂದ್ರ ಮಾಡಿಕೊಂಡಿದೆ.

2009ರಲ್ಲಿ ದೊಡ್ಡಪ್ಪ ದೊಡ್ಡಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ರೈಲು ಆಮೆಯ ಹಾಗೆ ಸೇತುವೆ ದಾಟುವಾಗ ಡಬ್ಬಿಯವರೆಲ್ಲ ಸಮುದ್ರ ನೋಡುತ್ತಿದ್ದರು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೆಳಗಿನ ಗರ್ಡರ್ ನೋಡುತ್ತಿದ್ದರು. ಅಲ್ಲಿ ಮೂರ್ನಾಲ್ಕು ಜನ ಹಗ್ಗ ಕಟ್ಟಿಕೊಂಡು ಬಣ್ಣ ಬಳಿಯುತ್ತಿದ್ದರು. "ಈ ಗಾಳಿಲಿ ಬ್ರಷ್ಷು ಹಿಡಿಯೂದು ಸಣ್ಣ ಕೆಲ್ಸ ಅಲ್ಲ ಮಾರಾಯಾ" ಅಂತ ಹೇಳಿ, ಅವರ ಕಡೆ ಕೈ ಎತ್ತಿ ಮುಗಿದರು. ದೇವಸ್ಥಾನ ಇನ್ನೂ ಮುಂದಿತ್ತು.

2022ರ ಡಿಸೆಂಬರಿನಲ್ಲಿ ಆ ಸೇತುವೆಯ ಮೇಲೆ ರೈಲು ನಿಂತಿತು. ಎತ್ತುವ ಸ್ಪ್ಯಾನನ್ನು ತುಕ್ಕು ತಿಂದಿತ್ತು. ಪಕ್ಕದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. ಲಿಫ್ಟಿನ ಹಾಗೆ ಮೇಲೇಳುವ 72.5 ಮೀಟರಿನ ಸ್ಪ್ಯಾನು, ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳು, ಉಕ್ಕಿಗೆ ಪಾಲಿಸಿಲಾಕ್ಸೇನ್ ಬಣ್ಣ. ಸೀಸವಿಲ್ಲ. ಒಳ್ಳೆಯದೇ ಆಯಿತು.

ಭಾರತದಲ್ಲಿ ಬಣ್ಣದಲ್ಲಿನ ಸೀಸಕ್ಕೆ ನಿಯಮ ಬಂದದ್ದು 2016ರಲ್ಲಿ. ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು, 2017ರ ನವೆಂಬರಿನಿಂದ ಜಾರಿ. ಆದರೆ ಹೆಸರಲ್ಲೇ ಇದೆ ನೋಡಿ, ಅದು 'ಗೃಹಬಳಕೆಯ ಮತ್ತು ಅಲಂಕಾರಿಕ' ಬಣ್ಣಗಳಿಗೆ. ಕ್ರೇನು, ಟಾಂಕಿ, ಬೋಟು ಬಳಿಯುವವನ ಡಬ್ಬಿ ಆ ಹೆಸರಿನ ಹೊರಗಿದೆ. ಕಟ್ಟಿದವರ ಹೆಸರು ಕಲ್ಲಿನ ಮೇಲೆ ಕೆತ್ತುತ್ತೇವೆ. ಫೋರ್ತ್ ಕಟ್ಟುವಾಗ ಸತ್ತವರನ್ನು ಕೂಡ ಹುಡುಕಿ ಲೆಕ್ಕ ಹಾಕಿದರು, 73 ಜನ. ಬಳಿದು ಉಳಿಸಿದವರು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಅವರು ಸೇತುವೆ ಮೇಲಿಂದ ಬಿದ್ದು ಸಾಯಲಿಲ್ಲವಲ್ಲ. ಮನೆಯಲ್ಲಿ, ಗೋಡೆಗೆ ಮುಖ ಮಾಡಿ, ಹೊಟ್ಟೆನೋವಿನಲ್ಲಿ ಸತ್ತರು.

ಡಬ್ಬಿಯ ವಿಷಯ ಏನಾಯ್ತು ಅಂತೀರಾ? ಗುಡಿಗೆ ಕೊಡುವುದು ಬೇಡ ಅಂದೆ. ಪ್ರಸಾದ ಅಂತ ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ, ಮಕ್ಕಳು ಬೆರಳು ಚೀಪುತ್ತವೆ, ಅದು ವಿಷ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಅವ್ರು ಅಷ್ಟು ವರ್ಷ ಕಲಸಿದ್ರಲ್ಲ ತಮ್ಮಾ..." ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾವಿ ಹತ್ತಿರ ಹೂಳುವ ಹಾಗಿಲ್ಲ, ಹೊಳೆಗೆ ಎಸೆಯುವ ಹಾಗಿಲ್ಲ. ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ 'ವಿಷ, ಮುಟ್ಟಬೇಡಿ' ಅಂತ ಬರೆದು ಮತ್ತೆ ಅಟ್ಟದಲ್ಲೇ ಇಟ್ಟು ಬಂದಿದ್ದೇನೆ. ಇಂಥದ್ದನ್ನು ಸರಿಯಾಗಿ ವಿಲೇವಾರಿ ಮಾಡುವ ದಾರಿ ಗೊತ್ತಿದ್ದವರು ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ಮತ್ತೆ, ನಿಮ್ಮ ಮನೆಯ ಹಳೆಯ ಗೇಟು, ಕಿಟಕಿ ಸರಳುಗಳನ್ನು ಈ ಬೇಸಿಗೆಯಲ್ಲಿ ಉಜ್ಜಿಸುವವರಿದ್ದರೆ ಒಣಗಿಸಿಕೊಂಡು ಉಜ್ಜಿಸಬೇಡಿ, ನೀರು ಹಾಕಿ ಒದ್ದೆ ಮಾಡಿಕೊಂಡು ಉಜ್ಜಿಸಿ. ಪೇಂಟರಿಗೆ ಒಂದು ಒಳ್ಳೆಯ ಮಾಸ್ಕು ಕೊಡಿಸಿ. ಊಟಕ್ಕೆ ಮೊದಲು ಕೈ ತೊಳೆಯಲು ಸೋಪು ಇಡಿ.